ಮುಖಪರಿಚಯದ ಊರುಗಳು

ಸಣ್ಣ ಊರಿನಲ್ಲಿ ಬದುಕು ಹೇಗಿರುತ್ತದೆ ಎಂದು ಬೆಂಗಳೂರಿನಲ್ಲಿ ಕೇಳಿದರೆ ಎರಡು ಉತ್ತರ ಸಿದ್ಧವಾಗಿ ಸಿಗುತ್ತವೆ. ಊರು ಬಿಟ್ಟು ದಶಕಗಳಾದವರು ಒಳ್ಳೆಯ ಗಾಳಿ, ನೆಮ್ಮದಿ, ಮನುಷ್ಯತ್ವ ಎನ್ನುತ್ತಾರೆ. ಮೊನ್ನೆಯಷ್ಟೇ ಬಿಟ್ಟು ಬಂದವರು ಅಲ್ಲೇನಿದೆ ಮಣ್ಣು ಎಂದು ಕೈ ಕೊಡವುತ್ತಾರೆ. ಇಬ್ಬರೂ ಮಾಡುವುದು ಪಟ್ಟಿಯನ್ನೇ. ಒಬ್ಬರದು ಇರುವುದರ ಪಟ್ಟಿ, ಇನ್ನೊಬ್ಬರದು ಇಲ್ಲದ್ದರ ಪಟ್ಟಿ. ಪಟ್ಟಿಗಳು ಸುಳ್ಳೇನೂ ಅಲ್ಲ, ಆದರೆ ಬಹಳ ಬೇಗ ಹಳತಾಗುತ್ತವೆ. ತಾಲ್ಲೂಕು ಕೇಂದ್ರಗಳಲ್ಲೂ ಈಗ ಜಿಮ್ ಇವೆ, ಫೋನಿನಲ್ಲಿ ಹೇಳಿದರೆ ಬೇಕರಿಯ ಕೇಕು ಮನೆಗೆ ಬರುತ್ತದೆ. ಗಾಳಿಯ ಮಾತಿಗೆ ಬಂದರೆ ಕ್ರಷರ್ ಧೂಳು ಕುಡಿಯುತ್ತಿರುವ ಊರುಗಳೂ ಬೇಕಾದಷ್ಟಿವೆ. ಸಣ್ಣ ಊರನ್ನು ಸಣ್ಣ ಊರಾಗಿಸುವುದು ಬೇರೆಯೇ ಒಂದು ಸಂಗತಿ: ಅಲ್ಲಿ ಒಬ್ಬನೇ ಮನುಷ್ಯ ನಾಲ್ಕು ವೇಷದಲ್ಲಿ ಎದುರಾಗುತ್ತಾನೆ. ದಿನಸಿ ಅಂಗಡಿಯವನೇ ಸಾಲ ಕೊಟ್ಟವನು, ಅವನೇ ಹಿಂದಿನ ಬೀದಿಯವನು, ಅವನ ಅತ್ತಿಗೆಯೇ ಮಗಳ ಟೀಚರು, ಅವನ ಭಾವನೇ ಪುರಸಭೆ ಸದಸ್ಯ. ಒಂದು ಕಡೆ ಜಗಳವಾಡಿದರೆ ನಾಲ್ಕು ಕಡೆ ಬಾಗಿಲು ಮುಚ್ಚುತ್ತದೆ, ಒಂದು ಕಡೆ ನಂಬಿಕೆ ಗಳಿಸಿದರೆ ನಾಲ್ಕು ಕಡೆ ತೆರೆಯುತ್ತದೆ. ಜನಸಂಖ್ಯೆ, ದೂರ, ಸೌಕರ್ಯ ಎಲ್ಲವೂ ಆಮೇಲಿನ ಮಾತು. ಇದನ್ನು ಪರೀಕ್ಷೆ ಮಾಡಿ ನೋಡುವುದಕ್ಕೆ ಯಶವಂತಪುರ ತಕ್ಕ ಜಾಗ, ಅಲ್ಲಿಂದ ಹಿಂದೂಪುರದ ಕಡೆಗೆ ಹೋಗುವ ಹಳಿ ತಕ್ಕ ದಾರಿ.

ಯಶವಂತಪುರ ತಾನೇ ಒಂದು ಕಾಲದ ಹಳ್ಳಿ. ರೈಲು ಬಂದು ಅದನ್ನು ಕೂಡುದಾರಿ ಮಾಡಿತು. ತುಮಕೂರಿನ ಕಡೆಗೆ ಒಂದು ಹಳಿ, ಯಲಹಂಕ, ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರಕ್ಕೆ ಇನ್ನೊಂದು. 1915ರಲ್ಲಿ ಚಿಕ್ಕಬಳ್ಳಾಪುರದ ಸಣ್ಣ ಹಳಿಯೂ ಸೇರಿಕೊಂಡಿತು. ಆಮೇಲೆ ಸುತ್ತಮುತ್ತ ಕಾರ್ಖಾನೆಗಳು ಎದ್ದವು. ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ ಇಂದಿಗೂ ಅಲ್ಲಿದ್ದು, ಪಕ್ಕದ ಮೆಟ್ರೋ ನಿಲ್ದಾಣಕ್ಕೆ ತನ್ನ ಹೆಸರನ್ನೇ ಕೊಟ್ಟಿದೆ. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ಮೆಟ್ರೋ ಓಡತೊಡಗಿದ ಮೇಲಂತೂ ಯಶವಂತಪುರವನ್ನು ಊರು ಎನ್ನುವವರೇ ಇಲ್ಲವಾದರು; ಅದೀಗ ಒಂದು ಸ್ಟಾಪು. ಹಾಗಿದ್ದೂ ತುಮಕೂರು ರಸ್ತೆಯಿಂದ ಎಪಿಎಂಸಿ ಯಾರ್ಡಿನೊಳಕ್ಕೆ ಹೊಕ್ಕರೆ ಲೆಕ್ಕ ತಲೆಕೆಳಗಾಗುತ್ತದೆ. ಚಳ್ಳಕೆರೆ, ಹಿರಿಯೂರಿನ ಕಡೆಯಿಂದ ಬಂದ ಈರುಳ್ಳಿ ಲಾರಿ ಮಂಡಿಯ ಮುಂದೆ ನಿಂತಿರುತ್ತದೆ. ಹಮಾಲಿಗಳು ಕೊಕ್ಕೆ ಹಾಕಿ ಮೂಟೆ ಎಳೆದು ಬೆನ್ನಿಗೇರಿಸುತ್ತಾರೆ. ಕೊಳ್ಳುವವನು ಒಂದು ಮೂಟೆಯ ಬಾಯಿ ಬಿಚ್ಚಿ, ನಾಲ್ಕು ಗೆಡ್ಡೆ ಅಂಗೈಗೆ ಸುರಿದುಕೊಂಡು, ಹೆಬ್ಬೆರಳಲ್ಲಿ ಸಿಪ್ಪೆ ಉಜ್ಜಿ ಬಣ್ಣ ನೋಡಿ, ಕುತ್ತಿಗೆ ಒತ್ತಿ ಮೆತ್ತಗಿದೆಯೇ ಎಂದು ಪರೀಕ್ಷಿಸಿ, ಏನೂ ಹೇಳದೆ ಮುಂದಿನ ಲಾಟಿಗೆ ಹೋಗುತ್ತಾನೆ. ಮಂಡಿಯವನಿಗೆ ಆ ಈರುಳ್ಳಿ ಯಾವ ಹೊಲದ್ದೆಂದು ಗೊತ್ತು. ರೈತನ ಅಪ್ಪನೂ ಅದೇ ಮಂಡಿಗೇ ಹಾಕುತ್ತಿದ್ದ. ಬಿತ್ತನೆಗೆ ದುಡ್ಡು ಬೇಕಾದಾಗ ರೈತ ಹೋಗುವುದು ಇಲ್ಲಿಗೇ; ಮಗಳ ಮದುವೆಯ ಕರೆಯೋಲೆ ಬರುವುದೂ ಇಲ್ಲಿಗೇ. ವ್ಯಾಪಾರಿ, ಸಾಲ ಕೊಡುವವನು, ಹಿತೈಷಿ, ಒಮ್ಮೊಮ್ಮೆ ಶೋಷಕ ಎಲ್ಲವೂ ಒಂದೇ ಗದ್ದಿಗೆಯ ಮೇಲೆ ಕೂತಿರುತ್ತದೆ. ಒಂದು ಕೋಟಿ ಮೀರಿದ ನಗರದ ಮಧ್ಯೆ ಇರುವ ಈ ಯಾರ್ಡು ನಡೆಯುವುದು ಮಾತ್ರ ತಾಲ್ಲೂಕು ಕೇಂದ್ರದ ಕ್ರಮದಲ್ಲಿ.

ಹೀಗೆ ಬೆಸೆದುಕೊಂಡದ್ದನ್ನು ಬಿಡಿಸುವುದಕ್ಕೇ ಕಾನೂನು ಬಂದದ್ದು. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯ ಉದ್ದೇಶ ಬಹಿರಂಗ ಹರಾಜು, ಸರಿಯಾದ ತೂಕ, ಲೈಸೆನ್ಸು ಪಡೆದ ವರ್ತಕ. ಅಂದರೆ ರೈತ ಯಾರ ಮಗನಾದರೂ ಬೆಲೆ ಒಂದೇ ಇರಬೇಕು ಎನ್ನುವುದು. ತೂಕ ಸುಧಾರಿಸಿತು, ಚೀಟಿ ಬಂತು, ಈಚೆಗೆ ಕಂಪ್ಯೂಟರೂ ಬಂತು. ಆದರೆ ಮುಂಗಡದ ಸಂಬಂಧ ಹೋಗಲಿಲ್ಲ. ಕಾರಣ ಸರಳ. ಮಳೆ ಕೈಕೊಟ್ಟ ವರ್ಷ ಬ್ಯಾಂಕು ಕೇಳುವುದು ಪಹಣಿ, ಅಡಮಾನ. ಮಂಡಿ ಕೇಳುವುದು ‘ಮುಂದಿನ ಬೆಳೆ ಇಲ್ಲಿಗೇ ಹಾಕ್ತೀಯಲ್ಲ’ ಎಂಬ ಒಂದೇ ಮಾತು. ಆ ಮಾತು ತಪ್ಪಿದವನಿಗೆ ಯಾರ್ಡಿನಲ್ಲಿ ಇನ್ನೊಂದು ಮಂಡಿ ಸಿಗಬಹುದು, ಆದರೆ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿರುತ್ತದೆ. ದಾಸನಪುರದಲ್ಲಿ ಹೊಸ ಉಪಮಾರುಕಟ್ಟೆ ಕಟ್ಟಿ ಅಲ್ಲಿಗೆ ಹೋಗಿ ಎಂದಾಗ ಈರುಳ್ಳಿ, ಆಲೂಗೆಡ್ಡೆ ವರ್ತಕರು ಹಿಂದೇಟು ಹಾಕಿದ್ದಕ್ಕೆ ಬಾಡಿಗೆ, ದೂರ, ಮಳಿಗೆ ಎಂದು ಹತ್ತು ಕಾರಣ ಹೇಳಬಹುದು. ಗೋದಾಮನ್ನು ಇನ್ನೊಂದು ಕಡೆ ಕಟ್ಟುವುದು ಸುಲಭ, ಪರಿಚಯವನ್ನು ಕಟ್ಟುವುದು ಕಷ್ಟ ಎಂಬುದು ಹನ್ನೊಂದನೆಯದು.

ಚೀಟಿ ವ್ಯವಹಾರವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿಯಾದ ಕಂಪನಿಗಳು ಎಲ್ಲ ಊರಲ್ಲೂ ಇವೆ. ಅವುಗಳ ಪಕ್ಕದಲ್ಲೇ ನೋಂದಣಿಯ ಗೋಜಿಗೆ ಹೋಗದ ಕೈಚೀಟಿಗಳೂ ಇವೆ. ಇಪ್ಪತ್ತು ಜನ ಸೇರುತ್ತಾರೆ, ತಿಂಗಳಿಗೊಬ್ಬರು ಕೂಗಿ ಎತ್ತುತ್ತಾರೆ. ಮೊದಲ ತಿಂಗಳೇ ಎತ್ತಿದವರು ಉಳಿದ ಹತ್ತೊಂಬತ್ತು ತಿಂಗಳು ಕಟ್ಟುತ್ತಾರೆ ಎಂಬುದಕ್ಕೆ ಜಾಮೀನು ಏನು? ದೊಡ್ಡ ನಗರದ ಹೊಸ ಬಡಾವಣೆಯಲ್ಲಿ ಏನೂ ಇಲ್ಲ. ಚೀಟಿ ನಡೆಸುವವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರೆ ಎದುರು ಮನೆಯವರಿಗೂ ಅವರ ಊರು ಗೊತ್ತಿರುವುದಿಲ್ಲ. ಸಣ್ಣ ಊರಿನಲ್ಲಿ ಜಾಮೀನು ಎಂದರೆ ಆ ಮನುಷ್ಯನ ಉಳಿದ ವೇಷಗಳೇ. ಕೈಚೀಟಿ ಮುಳುಗಿಸಿದವನು ದುಡ್ಡಿನ ಜೊತೆಗೆ ಮಗನಿಗೆ ಬರಬೇಕಾದ ಸಂಬಂಧವನ್ನೂ, ದೇವಸ್ಥಾನದ ಕಮಿಟಿಯನ್ನೂ, ಬೆಳಿಗ್ಗೆ ಹೋಟೆಲಿನಲ್ಲಿ ಕೂರುವ ಜಾಗವನ್ನೂ ಕಳೆದುಕೊಳ್ಳುತ್ತಾನೆ. ಮೋಸ ಇಲ್ಲವೆಂದಲ್ಲ, ಧಾರಾಳವಾಗಿಯೇ ಇದೆ. ಆದರೆ ಮೋಸದ ಬೆಲೆ ಅಲ್ಲಿ ಊರು ಬಿಡುವುದು.

ಯಶವಂತಪುರ ಬಿಟ್ಟ ಮೆಮು ರೈಲು ಯಲಹಂಕಕ್ಕೆ ಬರುವ ಹೊತ್ತಿಗೆ ನಗರ ಮುಗಿಯುತ್ತದೆ ಎಂದು ಹಳೆಯ ನಕ್ಷೆಗಳು ಹೇಳುತ್ತವೆ. ಕೆಂಪೇಗೌಡರ ವಂಶದ ಮೂಲ ನೆಲೆ ಯಲಹಂಕ. ಬೆಂಗಳೂರು ಪೇಟೆಗಿಂತ ಹಳೆಯ ಈ ಊರು 2007ರವರೆಗೂ ತನ್ನದೇ ನಗರಸಭೆ ಇಟ್ಟುಕೊಂಡಿತ್ತು. ಆ ವರ್ಷ ಬ್ಯಾಟರಾಯನಪುರ, ದಾಸರಹಳ್ಳಿ ಮುಂತಾದವುಗಳ ಜೊತೆಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ಜನಗಣತಿ ಇಲಾಖೆಯ ಲೆಕ್ಕದಲ್ಲಿ ಒಂದು ಊರು ಪಟ್ಟಣ ಎನಿಸಿಕೊಳ್ಳಲು 5,000 ಜನ ಇರಬೇಕು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯದ ಹೊರಗಿರಬೇಕು, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ ಇರಬೇಕು. ಹೆಂಗಸರು ಏನು ಮಾಡುತ್ತಾರೆ ಎಂಬುದನ್ನು ಈ ವ್ಯಾಖ್ಯಾನ ಕೇಳುವುದೇ ಇಲ್ಲ, ಇರಲಿ. ಅಂಕಿ ಏನೇ ಇದ್ದರೂ ಹಳೆಯ ಯಲಹಂಕದ ಬೀದಿಗಳಲ್ಲಿ ‘ಯಾರ ಮನೆಯೋರು?’ ಎಂಬ ಪ್ರಶ್ನೆ ಇನ್ನೂ ಕೇಳಿಬರುತ್ತದೆ, ಅದೇ ಯಲಹಂಕದ ಉಪನಗರದ ಅಪಾರ್ಟ್‌ಮೆಂಟಿನಲ್ಲಿ ‘ಯಾವ ಬ್ಲಾಕು?’ ಎಂದು ಕೇಳುತ್ತಾರೆ. ಒಂದೇ ಹೆಸರಿನೊಳಗೆ ಎರಡು ಬಗೆಯ ಊರುಗಳು ಇರುವುದು ಸಾಧ್ಯ ಎಂದಾದರೆ ಸಣ್ಣ ಊರು ನಗರದಿಂದ ಇಷ್ಟು ಮೈಲಿ ದೂರದಲ್ಲಿರುವ ವಸ್ತು ಎಂಬ ಎಣಿಕೆಯನ್ನು ಬಿಡಲೇಬೇಕು.

ದೊಡ್ಡಬಳ್ಳಾಪುರದಲ್ಲಿ ವಾದಕ್ಕೆ ಸದ್ದು ಸೇರುತ್ತದೆ. ವಿದ್ಯುತ್ ಮಗ್ಗದ ಊರು ಅದು. ಬೀದಿಯ ಎರಡೂ ಕಡೆ, ಮನೆಯ ಮುಂಭಾಗದಲ್ಲಿ ಮಗ್ಗ, ಹಿಂಭಾಗದಲ್ಲಿ ಅಡುಗೆಮನೆ. ಲಾಳಿ ಅತ್ತಿಂದಿತ್ತ ಬಡಿಯುವ ಸದ್ದಿನ ಮೇಲೆಯೇ ಮಾತು, ಪಾಠ, ಟೀವಿ, ನಿದ್ದೆ. ಅಜ್ಜಿ ಬಾಗಿಲ ಬಳಿ ಕೂತು ಕಂಡಿಕೆ ಸುತ್ತುತ್ತಾಳೆ. ಕರೆಂಟು ಹೋದರೆ ಇಡೀ ಬೀದಿ ಒಮ್ಮೆಲೇ ನಿಶ್ಶಬ್ದ. ಒಬ್ಬರ ಮಗ್ಗ ಮಾತ್ರ ನಿಂತರೆ ಕೂಲಿಯ ತಕರಾರೋ, ರೇಷ್ಮೆ ಮುಗಿಯಿತೋ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೋ ಎಂದು ಪಕ್ಕದವರಿಗೆ ತಿಳಿಯದೆ ಇರುವುದಿಲ್ಲ. ಸೂರತ್ತಿನಿಂದ ಅಗ್ಗದ ಸೀರೆ ಬಂದು ಇಲ್ಲಿನ ಸೀರೆಯನ್ನು ಹೊಡೆದಾಗ, ಲಾಕ್‌ಡೌನಿನಲ್ಲಿ ಮಾರುಕಟ್ಟೆ ಮುಚ್ಚಿದಾಗ ಮಗ್ಗದ ಮಾಲೀಕ ಮತ್ತು ಕೂಲಿ ನೇಕಾರ ಒಬ್ಬರಿಗೊಬ್ಬರು ಅಂಟಿಕೊಂಡದ್ದು ಪ್ರೀತಿಯಿಂದಲ್ಲ, ಮುಂಗಡದಿಂದ. ಮುಂಗಡ ತೀರದೆ ಇನ್ನೊಬ್ಬರ ಮಗ್ಗಕ್ಕೆ ಹೋಗುವಂತಿಲ್ಲ. ಮುಂಗಡ ಕೊಟ್ಟವನು ಕೆಲಸವಿಲ್ಲವೆಂದು ಕೈಬಿಡುವಂತೆಯೂ ಇಲ್ಲ. ಈ ಅಂಟಿಗೆ ಒಳ್ಳೆಯ ಹೆಸರು ಇಡಬಹುದು, ಕೆಟ್ಟ ಹೆಸರೂ ಇಡಬಹುದು. ಯಾವ ಹೆಸರಿಟ್ಟರೂ ಹಾಸು ಹೊಕ್ಕಿನಂತೆ ಎರಡೂ ಒಂದೇ ಬಟ್ಟೆಯ ನೂಲು.

ಇಲ್ಲಿಗೆ ಮೊದಲ ಆಕ್ಷೇಪ ಬರಬೇಕು, ಅದು ಬಲವಾದದ್ದೂ ಹೌದು. ‘ಎಲ್ಲರಿಗೂ ಎಲ್ಲರೂ ಗೊತ್ತು’ ಎಂಬ ಮಾತು ಕಿವಿಗೆ ಇಂಪಾಗಿರುವುದು ಯಾರಿಗೆ? 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ ಅಂಬೇಡ್ಕರ್ ಹಳ್ಳಿಯ ಹೊಗಳಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕಿದರು. ಗೊತ್ತಿರುವುದು ಎಂದರೆ ಮೊದಲು ಜಾತಿ ಗೊತ್ತಿರುವುದು. ಬಾಡಿಗೆ ಮನೆ ಕೇಳಿದಾಗ ಬರುವ ‘ನೀವು ಯಾರ ಪೈಕಿ?’ ಎಂಬ ಪ್ರಶ್ನೆ ಒಬ್ಬರಿಗೆ ಕುಶಲೋಪರಿ, ಇನ್ನೊಬ್ಬರಿಗೆ ಬಾಗಿಲು ಹಾಕುವ ಸದ್ದು. ಪ್ರೀತಿಸಿದ ಹುಡುಗಿಗೆ, ಗಂಡನ ಮನೆ ಬಿಟ್ಟು ಬಂದ ಹೆಣ್ಣಿಗೆ, ದೇವರನ್ನು ನಂಬದವನಿಗೆ ಅಪರಿಚಿತರ ನಗರವೇ ಆಶ್ರಯ. ಇದನ್ನು ಒಪ್ಪದೆ ಸಣ್ಣ ಊರಿನ ಬಗ್ಗೆ ಬರೆಯುವುದು ಅಪ್ರಾಮಾಣಿಕತೆ. ಆದರೆ ಒಪ್ಪಿದ ಮೇಲೂ ವಾದ ಮುರಿಯುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಕೈಚೀಟಿಗೆ ಜಾಮೀನಾಗುವುದೂ, ಬಾಡಿಗೆ ಮನೆಯ ಬಾಗಿಲು ಮುಚ್ಚುವುದೂ ಒಂದೇ ಶಕ್ತಿ. ನೆಮ್ಮದಿಯನ್ನು ಉಳಿಸಿಕೊಂಡು ಕಣ್ಗಾವಲನ್ನು ಮಾತ್ರ ತೆಗೆದುಹಾಕುತ್ತೇವೆ ಎನ್ನುವವರು ಈ ಶಕ್ತಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿಲ್ಲ. ಲಾಭ ಯಾರ ಪಾಲಿಗೆ ಹೆಚ್ಚು, ದಂಡ ಯಾರ ಪಾಲಿಗೆ ಹೆಚ್ಚು ಎಂಬುದರಲ್ಲಿ ಸಮಾನತೆ ಇಲ್ಲ ಎನ್ನುವುದೇ ಇಲ್ಲಿನ ನಿಜವಾದ ದೂರು. ತಾಲ್ಲೂಕು ಪಟ್ಟಣ ಈ ದೃಷ್ಟಿಯಿಂದ ಹಳ್ಳಿಗಿಂತ ಒಂದು ಗೇಣು ಸಡಿಲ: ಬಸ್ ಸ್ಟ್ಯಾಂಡು, ಹೋಟೆಲು, ಸರ್ಕಾರಿ ಕಾಲೇಜು, ಕೋರ್ಟು ಇರುವಲ್ಲಿ ಪರಊರಿನವರು ದಿನವೂ ಬಂದು ಹೋಗುತ್ತಾರೆ, ಆ ಗುಂಪಿನಲ್ಲಿ ನಾಲ್ಕಾರು ಗಂಟೆಯಾದರೂ ಹೆಸರಿಲ್ಲದೆ ಓಡಾಡಬಹುದು.

ದೊಡ್ಡಬಳ್ಳಾಪುರ ದಾಟಿದರೆ ಮಾಕಳಿದುರ್ಗದ ಬೆಟ್ಟದ ಸಾಲು. ಅಲ್ಲಿಗೆ ಹತ್ತಿರದ ಘಾಟಿ ಸುಬ್ರಹ್ಮಣ್ಯದಲ್ಲಿ ಚಳಿಗಾಲಕ್ಕೆ ದನಗಳ ಜಾತ್ರೆ ನಡೆಯುತ್ತದೆ. ಹಳ್ಳಿಕಾರ್ ಹೋರಿಗಳ ನಡುವೆ ದಲ್ಲಾಳಿ ಮತ್ತು ಕೊಳ್ಳುವವನು ಟವೆಲ್ಲಿನ ಕೆಳಗೆ ಕೈ ಕೈ ಹಿಡಿದು ಬೆರಳು ಒತ್ತಿ ಬೆಲೆ ಮಾತನಾಡುತ್ತಾರೆ. ಸುತ್ತ ನಿಂತ ಇಪ್ಪತ್ತು ಜನಕ್ಕೆ ಹೋರಿಯ ಹಲ್ಲು, ಸುಳಿ, ಕೊಟ್ಟವನ ಕಷ್ಟ ಎಲ್ಲ ಗೊತ್ತು, ಬೆಲೆಯೊಂದು ಗೊತ್ತಾಗಬಾರದು. ಸಣ್ಣ ಊರಿನವರು ಗುಟ್ಟು ಇಟ್ಟುಕೊಳ್ಳಲು ಬಾರದವರು ಎಂಬ ಮಾತು ಅರ್ಧ ಸತ್ಯ. ಎಲ್ಲವೂ ಬಯಲಾಗಿರುವ ಕಡೆ ಗುಟ್ಟು ಒಂದು ಕುಶಲಕಲೆಯಾಗಿ ಬೆಳೆಯುತ್ತದೆ.

ಗೌರಿಬಿದನೂರು ಬೆಂಗಳೂರಿನಿಂದ ಎಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ಕೋಲಾರದಿಂದ ಬಿಡುಗಡೆಯಾಯಿತು. ಕನ್ನಡ ತೆಲುಗು ಎರಡನ್ನೂ ಒಂದೇ ವಾಕ್ಯದಲ್ಲಿ ಆಡುವ ಊರು. ಊರ ಹೊರಗೆ ಎರಡು ವಿಶೇಷ ಯಂತ್ರಗಳಿವೆ: 1960ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಸ್ಥಾಪಿಸಿದ ಭೂಕಂಪನ ಮಾಪಕಗಳ ಜಾಲ, ಮತ್ತು 1976ರಲ್ಲಿ ಕೆಲಸ ಶುರುಮಾಡಿದ ರೇಡಿಯೋ ದೂರದರ್ಶಕ. ದೂರದರ್ಶಕದ ಪೂರ್ವ ಪಶ್ಚಿಮ ಬಾಹು ಒಂದೂ ಕಾಲು ಕಿಲೋಮೀಟರಿಗೂ ಉದ್ದ, ಸಾವಿರ ಡೈಪೋಲುಗಳು ಬಯಲಿನಲ್ಲಿ ಟಿ ಆಕಾರದಲ್ಲಿ ನಿಂತಿವೆ. ದೂರದ ದೇಶದ ಅಣುಸ್ಫೋಟದ ನಡುಕವನ್ನೂ ನಕ್ಷತ್ರಗಳಾಚೆಯ ಕ್ಷೀಣ ಅಲೆಗಳನ್ನೂ ಕೇಳಿಸಿಕೊಳ್ಳಲು ಗದ್ದಲ ಕಡಿಮೆ ಇರುವ ಜಾಗ ಬೇಕಿತ್ತು. ಊರೊಳಗೆ ಪಿಸುಮಾತೂ ಮೂರು ಬೀದಿ ದಾಟುತ್ತದೆ ಎಂಬುದನ್ನು ವಿಜ್ಞಾನಿಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿ ಬರಲಿಲ್ಲ.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ನಡೆದುಕೊಂಡೇ ಬೆಂಗಳೂರು ಸೇರಿ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದರು. ಭೌತಶಾಸ್ತ್ರದ ಮೇಷ್ಟ್ರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಪವಾಡಗಳನ್ನು ಪ್ರಶ್ನೆ ಮಾಡಿ ದೊಡ್ಡವರನ್ನು ಎದುರು ಹಾಕಿಕೊಂಡರು. ವಿಮರ್ಶಕ ಡಿ.ಆರ್. ನಾಗರಾಜ್ 1954ರಲ್ಲಿ ದೊಡ್ಡಬಳ್ಳಾಪುರದ ನೇಕಾರ ಸಮುದಾಯದಲ್ಲಿ ಹುಟ್ಟಿದವರು. ಒಂದೇ ಹಳಿಯ ಎರಡು ನಿಲ್ದಾಣದವರು, ಇಬ್ಬರಿಗೂ ಊರು ಸಾಲಲಿಲ್ಲ. ಇದನ್ನು ಹಿಡಿದು ಎರಡನೆಯ ಆಕ್ಷೇಪ ಎತ್ತಬಹುದು: ಬುದ್ಧಿವಂತರನ್ನು ಹಿಡಿದಿಟ್ಟುಕೊಳ್ಳಲಾರದ ಊರಿನ ಪರಿಚಯ ಇಟ್ಟುಕೊಂಡು ಏನು ಮಾಡುವುದು? ನಿಜ, ನಾಲ್ಕು ವೇಷದಲ್ಲಿ ಎದುರಾಗುವವರ ನಡುವೆ ಒಂದು ಹೊಸ ಮಾತು ಆಡುವುದು ಕಷ್ಟ. ಮಾತಿಗೆ ಉತ್ತರ ಬರುವ ಮೊದಲು ಮಾತಾಡಿದವನ ಅಪ್ಪನ ಚರಿತ್ರೆ ಬರುತ್ತದೆ. ಆದರೆ ನರಸಿಂಹಯ್ಯನವರ ಮುಂದಿನ ಕೆಲಸವನ್ನೂ ನೋಡಬೇಕು. ಅವರು ಹೊಸೂರಿನಲ್ಲಿ ಹೈಸ್ಕೂಲು, ಗೌರಿಬಿದನೂರು ಮತ್ತು ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ಬರುವಂತೆ ಮಾಡಿದರು. ಸ್ವಂತ ಮನೆ ಮಾಡದೆ ಕಾಲೇಜಿನ ಹಾಸ್ಟೆಲಿನಲ್ಲೇ ಬಾಳಿದ ಅವರನ್ನು ಬರಿಯ ಊರಭಿಮಾನಿ ಎನ್ನುವುದು ಕಷ್ಟ. ಯಾವ ಹಳ್ಳಿಯ ಹುಡುಗ ಯಾಕೆ ಶಾಲೆ ಬಿಡುತ್ತಾನೆ ಎಂದು ಅವರಿಗೆ ಯಾವ ವರದಿಯೂ ಹೇಳಬೇಕಾಗಿರಲಿಲ್ಲ. ಸರ್ಕಾರದ ಕಡತದಲ್ಲಿ ಇಲ್ಲದ ಆ ಜ್ಞಾನ ಬಂದದ್ದು ಊರಿನಿಂದಲೇ.

ಪರಿಚಯ ಏನನ್ನು ಉಳಿಸಿಕೊಡುತ್ತದೆ ಎಂಬುದಕ್ಕೆ ಇನ್ನೊಂದು, ಕಹಿಯಾದ, ಸಾಕ್ಷಿ ಮುಂದಿನ ನಿಲ್ದಾಣ ವಿದುರಾಶ್ವತ್ಥದಲ್ಲಿದೆ. ಅಶ್ವತ್ಥದ ಬುಡದ ನಾಗರಕಲ್ಲುಗಳಿಗೆ ಹೆಸರಾದ ಆ ಜಾಗದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದವರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಒಪ್ಪಿಕೊಂಡ ಸಾವುಗಳ ಸಂಖ್ಯೆ ಕಡಿಮೆ, ಸುತ್ತಲಿನ ಜನ ಹೇಳುತ್ತಾ ಬಂದದ್ದು ಮೂವತ್ತಕ್ಕೂ ಮಿಕ್ಕಿ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಬಂತು, ಸ್ಮಾರಕ ಎದ್ದಿತು. ಎರಡು ಸಂಖ್ಯೆಗಳ ನಡುವಿನ ಅಂತರ ಎಣಿಸುವ ಕ್ರಮದ್ದೂ ಹೌದು. ಅಧಿಕಾರಿ ಹೆಣ ಎಣಿಸುತ್ತಾನೆ. ಊರು ಯಾವ ಮನೆಯಲ್ಲಿ ಯಾರು ಹಿಂತಿರುಗಿ ಬರಲಿಲ್ಲ ಎಂದು ಎಣಿಸುತ್ತದೆ.

ಈಗಿನ ಮಾತಿಗೆ ಬಂದರೆ ಮೂರನೆಯ ಆಕ್ಷೇಪ ಕಾದಿದೆ: ಇದೆಲ್ಲ ಹೋಗುತ್ತಿದೆಯಲ್ಲ? ಕಾಕಾ ಅಂಗಡಿಯಲ್ಲೂ ಕ್ಯೂಆರ್ ಕೋಡು, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆ ಕಡೆಗೆ ಸ್ಯಾಟಲೈಟ್ ಟೌನ್ ರಿಂಗ್ ರೋಡು, ಗೌರಿಬಿದನೂರಿನ ಕುಡುಮಲಕುಂಟೆಯಲ್ಲಿ ಕೈಗಾರಿಕಾ ಪ್ರದೇಶ, ಗಾರ್ಮೆಂಟಿಗೆ ಹೊರಟ ಹೆಣ್ಣುಮಕ್ಕಳು ತುಂಬಿದ ವ್ಯಾನುಗಳು, ಹಿಂದಿ ಮಾತಾಡುವ ಬಾಡಿಗೆದಾರರು. ಹೋಗುತ್ತಿರುವುದು ಹೌದು, ಆದರೆ ಎಲ್ಲ ಕಡೆ ಒಂದೇ ರೀತಿಯಲ್ಲಿ ಅಲ್ಲ. ಫೋನ್‌ಪೇ ಬಂದು ಚಿಲ್ಲರೆಯ ತೊಂದರೆ ತಪ್ಪಿತು. ಬಾಕಿ ಬರೆಸುವುದು ತಪ್ಪಲಿಲ್ಲ. ಹತ್ತನೇ ತಾರೀಖು ಸಂಬಳ ಬಂದ ಮೇಲೆ ಇಡೀ ತಿಂಗಳ ಬಾಕಿಯನ್ನು ಸ್ಕ್ಯಾನ್ ಮಾಡಿ ಕಟ್ಟುತ್ತಾರೆ, ಅಷ್ಟೆ. ಅಂಗಡಿಯವನು ಒಡಿಶಾದ ಬಾಡಿಗೆದಾರನಿಂದ ಆಗಿಂದಾಗ್ಗೆ ದುಡ್ಡು ತೆಗೆದುಕೊಂಡು ಪಕ್ಕದ ಬೀದಿಯವನಿಗೆ ಪುಸ್ತಕ ತೆರೆಯುತ್ತಾನೆ. ಹೊಸಬರು ಊರಲ್ಲಿ ಇದ್ದಾರೆ, ಊರಿನವರಾಗಿಲ್ಲ. ಗಾರ್ಮೆಂಟಿನ ಸಂಬಳ ಕೈಗೆ ಬಂದ ಹೆಣ್ಣುಮಗಳು ಕೈಚೀಟಿಗೆ ತನ್ನ ಹೆಸರಲ್ಲೇ ಸೇರುತ್ತಿರುವುದು ಮಾತ್ರ ನಿಜವಾದ ಬದಲಾವಣೆ: ಇದುವರೆಗೆ ಅವಳ ನಂಬಿಕೆಯ ಲೆಕ್ಕ ಗಂಡನ ಅಥವಾ ಅಪ್ಪನ ಖಾತೆಯಲ್ಲಿತ್ತು.

ದಿನವೂ ಯಶವಂತಪುರಕ್ಕೆ ಬಂದು ಹೋಗುವವರು ಏನಾಗಿದ್ದಾರೆ, ನಗರದವರೋ ಊರಿನವರೋ? ರೈಲ್ವೆಯ ತಿಂಗಳ ಪಾಸು 150 ಕಿಲೋಮೀಟರಿನವರೆಗೆ ಸಿಗುತ್ತದೆ, ಗೌರಿಬಿದನೂರು ಹಿಂದೂಪುರ ಎರಡೂ ಅದರೊಳಗೇ. ಪಾಸಿನವರ ಬೋಗಿಗೆ ಹೊಸಬರು ಹತ್ತಿದರೆ ಅಲ್ಲಿನ ಕಾಯಂ ಸೀಟುಗಳ ಲೆಕ್ಕ ಬೇಗ ಅರ್ಥವಾಗುತ್ತದೆ. ಯಾರು ಯಾವ ನಿಲ್ದಾಣದಲ್ಲಿ ಹತ್ತಿ ಎಲ್ಲಿ ಕೂರುತ್ತಾರೆ ಎಂಬುದು ಬರೆಯದ ಕಾನೂನು. ಒಬ್ಬರು ಎರಡು ದಿನ ಕಾಣದಿದ್ದರೆ ಫೋನು ಹೋಗುತ್ತದೆ. ವರ ನೋಡುವುದು, ಸೈಟು ಮಾರುವುದು, ಡಾಕ್ಟರ ವಿಳಾಸ, ತಾಲ್ಲೂಕು ಕಚೇರಿಯಲ್ಲಿ ನಿಂತ ಕಡತ ಎಲ್ಲ ಅಲ್ಲೇ ಕೈ ಬದಲಾಗುತ್ತದೆ. ಬೆಂಗಳೂರಿಗೆ ಬರುವ ದಿನವಹಿ ರೈಲುಗಳಲ್ಲಿ ಬೋಗಿಗೆ ಬಾಳೆಕಂದು ಕಟ್ಟಿ ಆಯುಧಪೂಜೆ ಮಾಡುವ ರೂಢಿಯೂ ಇದೆ. ಇಳಿದು ಮೆಟ್ರೋ ಹತ್ತಿದ ಕೂಡಲೇ ಇದೇ ಜನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಕ್ಕದವರ ಮುಖ ನೋಡದೆ ನಿಲ್ಲುತ್ತಾರೆ, ಅದರಲ್ಲಿ ಅವರಿಗೆ ಯಾವ ಮುಜುಗರವೂ ಇಲ್ಲ. ಬಹಳ ಮಂದಿಗೆ ಅದು ಬೇಕಾದ ವಿಶ್ರಾಂತಿಯೂ ಹೌದು. ಕೊನೆಗೆ ಓಡಾಟ ಸಾಕಾಗಿ ಯಲಹಂಕದಲ್ಲೋ ಮತ್ತೀಕೆರೆಯಲ್ಲೋ ಬಾಡಿಗೆ ಮನೆ ಹಿಡಿದವರೂ ಪಾಸು ಬಿಡುತ್ತಾರೆ, ಗ್ಯಾಸ್ ಕನೆಕ್ಷನ್ ವರ್ಗ ಮಾಡಿಸುತ್ತಾರೆ, ಮಕ್ಕಳನ್ನು ಇಲ್ಲಿನ ಶಾಲೆಗೆ ಹಾಕುತ್ತಾರೆ, ಮತದಾರರ ಪಟ್ಟಿಯ ಹೆಸರನ್ನು ಮಾತ್ರ ಅಲ್ಲೇ ಬಿಟ್ಟಿರುತ್ತಾರೆ. ಗ್ರಾಮ ಪಂಚಾಯಿತಿ ಚುನಾವಣೆಯ ಮುನ್ನಾದಿನ ಯಶವಂತಪುರದಲ್ಲಿ ಹಿಂದೂಪುರದ ರೈಲಿಗೂ ತುಮಕೂರು ಬಸ್ಸಿಗೂ ನೂಕುನುಗ್ಗಲು ಆಗುವುದು ಅದಕ್ಕೇ. ನಗರದ ವಾರ್ಡಿನಲ್ಲಿ ಯಾರು ನಿಂತಿದ್ದಾರೆಂದು ಕೇಳಿದರೆ ಅವರಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಪಂಚಾಯಿತಿಗೆ ನಿಂತವನು ಯಾರ ಚೀಟಿ ಬಾಕಿ ಇಟ್ಟುಕೊಂಡಿದ್ದಾನೆ ಎಂಬುದು ಬಾಯಿಪಾಠ.